ಗಟ್ಟಿಮೇಳಕ್ಕೆ ಊದಿದ ಸ್ಯಾಕ್ಸೊಫೋನ್

ನಾನು ಮದುವೆಮನೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವನು. ಶಿರಾದಲ್ಲಿ ಕದಿರಯ್ಯನವರದ್ದು ಮಂಚದಗಲದ ಅಂಗಡಿ. ಹಳೇ ಸ್ಯಾಕ್ಸೊಫೋನ್‌ಗಳನ್ನು ರಿಪೇರಿ ಮಾಡಿ, ಫಳಫಳ ಹೊಳೆಸಿ ಮಾರುತ್ತಾರೆ. ಹೋದ ತಿಂಗಳು ನಾನೂ ಅಲ್ಲೇ ಒಂದನ್ನು ಕೊಂಡೆ. ಎತ್ತಿಕೊಂಡಾಗ ಹಿತ್ತಾಳೆ ಬೆಚ್ಚಗಿತ್ತು, ಈಗಷ್ಟೇ ಯಾರೋ ನುಡಿಸಿ ಇಟ್ಟಂತೆ. ಬಾಯಿಟ್ಟು ಊದುವ ಮೂತಿಯಲ್ಲಿ ಎಲೆಅಡಿಕೆಯ ವಾಸನೆ.

“ಇದ್ರ ಯಜಮಾನ ತೀರ್ಕಂಡು ಎಷ್ಟೋ ವರ್ಷ ಆಯ್ತು ಕಣಪ್ಪ. ಬಾಯಾಗೆ ಎಲೆಅಡ್ಕೆ ಇಲ್ದೆ ಕುಂತೋನಲ್ಲ. ಎಷ್ಟು ತೊಳುದ್ರೂ ವಾಸ್ನೆ ಹೋಗ್ಲಿಲ್ಲ ನೋಡು,” ಎಂದು ಕದಿರಯ್ಯ ನಕ್ಕರು.

ಅದನ್ನು ಹಿಡಿದು ಮೊದಲು ಹೋದದ್ದು ಕೊರಟಗೆರೆಯ ಮದುವೆಗೆ. ಮೂತಿಗೆ ರೀಡ್ ಎಂಬ ತೆಳು ಪಟ್ಟಿ ಕಟ್ಟದಿದ್ದರೆ ಸ್ಯಾಕ್ಸೊಫೋನ್ ಸ್ವರವನ್ನೇ ಹೊರಡಿಸದು. ಅದನ್ನು ಬಾಯಲ್ಲಿ ನೆನೆಸಿ ಕಟ್ಟಬೇಕು. ನಾನು ಇನ್ನೂ ಕೇಸರಿಬಾತ್ ಮೆಲ್ಲುತ್ತಿದ್ದೆ, ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ!” ಎಂದು ಕೂಗಿಬಿಟ್ಟರು. ತಾಳಿ ಕಟ್ಟುವಾಗ ಮೇಳ ತಪ್ಪಿದರೆ ಆ ಸೀಮೆಯಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಎದ್ದುಬಿದ್ದು ಓಡಿಬಂದು ಊದಿದೆ.

ಅಂಥ ನಾದ ನನ್ನ ಜನ್ಮದಲ್ಲೇ ಹೊರಟಿರಲಿಲ್ಲ. ಅಕ್ಷತೆ ಎಸೆಯುತ್ತಿದ್ದವರು ಮದುಮಕ್ಕಳನ್ನು ಬಿಟ್ಟು ನನ್ನನ್ನೇ ನೋಡಿದರು.

ಡೋಲಿನ ತಿಪ್ಪೇಶ್ ಬೆನ್ನು ಗುದ್ದಿದ. “ಲೇ ಯುವರಾಜ, ಜಮಾಯಿಸ್ಬುಟ್ಟೆ ಕಣ್ಲಾ! ಅದ್ಸರಿ, ನೀನ್ಯಾವಾಗ್ಲಾ ಎಲೆಅಡ್ಕೆ ಕಲ್ತೆ? ತುಟಿಯೆಲ್ಲ ಕೆಂಪಾಗೈತೆ!”

ನಾನು ಎಲೆಅಡಿಕೆ ಮುಟ್ಟಿದವನೇ ಅಲ್ಲ. ನಗುತ್ತಲೇ ತುಟಿ ಒರೆಸಿಕೊಂಡು, ತೊಳೆದಿಡೋಣವೆಂದು ರೀಡ್ ಬಿಚ್ಚಲು ಹೋದೆ. ಮೂತಿಯಲ್ಲಿ ರೀಡೇ ಇರಲಿಲ್ಲ. ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ಪೊಟ್ಟಣ ಇನ್ನೂ ಒಡೆದಿರಲಿಲ್ಲ.