ಒದ್ದೆಯಾಗದ ಲಂಗೋಟಿ

ಮಗು ಒದ್ದೆ. ಹಾಸಿಗೆ ಒದ್ದೆ. ಹಾಸಿಗೆ ಮೇಲಿನ ಚಾದರವೂ ಒದ್ದೆ. ಆದರೆ ಲಂಗೋಟಿ ಮಾತ್ರ — ಒಣಗಿತ್ತು!

ಸೊಸೆ ಮತ್ತೊಮ್ಮೆ ಹಿಂಡಿ ನೋಡಿದಳು. ಅಂಚಿನಲ್ಲಿ ಒಂದಿಷ್ಟು ತೇವ, ಅಷ್ಟೆ. ಮಡಿಸಿ ಮಡಿಸಿ ಕಟ್ಟಿದ ಹತ್ತಿ ಬಟ್ಟೆ, ಹಿಂಡಿದರೆ ಹನಿಯಿಲ್ಲ! ಹಾಗಾದರೆ ಇಷ್ಟು ಹೊತ್ತು ಅದು ಮಾಡುತ್ತಿದ್ದ ಕೆಲಸವಾದರೂ ಏನು? ಕೆಲವು ದಿನಗಳಿಂದ ಇದೇ ಕಥೆ. ಒದ್ದೆಯಲ್ಲೇ ಮಲಗಿ ಮಲಗಿ ಮಗುವಿನ ತೊಡೆ ಕೆಂಪಗೆ ಕೆರಳಿತ್ತು. ಮುಟ್ಟಿದರೆ ಚೀರುತ್ತಿತ್ತು.

"ನಾನು ಬಡ್ಕೊಂಡೆ," ಬಾಗಿಲಲ್ಲಿ ಅತ್ತೆ. "ಆ ಸೋಡಾ ಹಾಕಬೇಡಿ, ಹಾಕಬೇಡಿ ಅಂತ. ನನ್ನ ಮಾತು ಯಾರು ಕೇಳ್ತಾರೆ?"

"ಸೋಡಾ ಏನು ಮಾಡ್ತು?" ಅಡುಗೆಮನೆಯಿಂದ ಸೊಸೆಯ ಅಮ್ಮನ ದನಿ. "ಈ ಗಡಸು ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಬೀಳದಿದ್ರೆ ಸೋಪು ಕೆಲಸಾನೇ ಮಾಡಲ್ಲ. ನೀವು ಮುಚ್ಚಳದ ಮೇಲೆ ಮುಚ್ಚಳ ಲಿಕ್ವಿಡ್ ಸುರೀತೀರಲ್ಲ ಬೀಗರೇ, ಅದೆಲ್ಲಾ ಎಲ್ಲಿಗೆ ಹೋಗುತ್ತೆ? ಬಟ್ಟೆಯಲ್ಲೇ ಕೂತಿದೆ!"

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಮನೆಯಲ್ಲಿ ಗಂಡ ಪಾಪ, ಕೆಲಸದ ಮೇಲೆ ಬೇರೆ ಊರಲ್ಲಿದ್ದ. ಹಾಗಾಗಿ ಕೂಸನ್ನು ಬಡವಾಗಿಸುವ ಹೊಣೆ ಇಬ್ಬರು ಅಜ್ಜಿಯರ ಹೆಗಲಿಗೆ ಬಿದ್ದಿತ್ತು. ವಾಷಿಂಗ್ ಮಷೀನಿಗೆ ಬಟ್ಟೆ ತುಂಬಿ ಲಿಕ್ವಿಡ್ ಸುರಿಯುವವರು ಅತ್ತೆ. ಮಗಳ ಆರೈಕೆಗೆಂದು ಬಂದಿದ್ದ ಅಮ್ಮ, ಅದರ ಮೇಲೆ ಒಂದು ಚಮಚ ಸೋಡಾ ಉದುರಿಸುವವರು. ಇಬ್ಬರಿಗೂ ಮಗುವೆಂದರೆ ಪ್ರಾಣ. ಅದೇ ತೊಂದರೆ.

ಅಮ್ಮ ಕೈ ಒರೆಸಿಕೊಂಡು ಕೋಣೆಗೆ ಹೋದರು. ಚೀಲದ ಜಿಪ್ಪು ಎಳೆದ ಸದ್ದು ಕೇಳಿಸಿತು.

"ಸಂಜೆ ಬಸ್ಸಿಗೆ ಹೊರಟೆ ಕಣೇ. ನನ್ನಿಂದ ಮಗೂಗೆ ನೋವು ಅಂತ ಅನ್ನಿಸ್ಕೊಂಡು ನಾನಿಲ್ಲಿ ಇರಲ್ಲ."

ಸೊಸೆಗೆ ಅಮ್ಮ ಬೇಕು, ಅತ್ತೆಯೂ ಬೇಕು. ಅಮ್ಮ ಹೀಗೆ ಮುನಿಸಿಕೊಂಡು ಹೋದರೆ ಮತ್ತೆ ಈ ಹೊಸ್ತಿಲು ತುಳಿಯುವುದು ಯಾವ ಕಾಲಕ್ಕೋ! ಅವಳು ಮಗುವನ್ನು ಎದೆಗವಚಿಕೊಂಡು, ಲಂಗೋಟಿ ಹಿಡಿದು ಸೀದಾ ಮೇಲಿನ ಮಹಡಿಗೆ ಓಡಿದಳು.

ಮೇಲಿದ್ದವರು ಮಾವನ ಅಕ್ಕ. ಮಾವ "ಅಕ್ಕಾ, ಅಕ್ಕಾ" ಎಂದು ಕರೆದು ಕರೆದು ಇಡೀ ಮನೆಗೇ ಅವರು ಅಕ್ಕ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಮುಖ ನೋಡಿದರೆ ಸಾಕು, ಟಿಕೆಟ್ ಇಲ್ಲದವನು ಯಾರೆಂದು ಹೇಳಿಬಿಡುತ್ತಿದ್ದರಂತೆ. ಸೊಸೆಯ ಕಥೆ ಕೇಳಿ ಅವರು ಲಂಗೋಟಿಯನ್ನು ಕೈಗೆ ತೆಗೆದುಕೊಂಡರು. ಹಿಚುಕಿದರು. ಮೂಸಿದರು.

"ಬಾ. ಸಂಜೆ ಬಸ್ಸಿಗೆ ಇನ್ನೂ ಹೊತ್ತಿದೆ."

ನಡುಮನೆಯಲ್ಲಿ ವಿಚಾರಣೆ ಶುರುವಾಯಿತು. ಅಮ್ಮ ಒಂದು ತುದಿ, ಅತ್ತೆ ಇನ್ನೊಂದು ತುದಿ. ಹಿತ್ತಲ ಕಡೆಯ ಬಾಲ್ಕನಿಯಲ್ಲಿ, ಮಷೀನಿನ ಪಕ್ಕ ಕುರ್ಚಿ ಹಾಕಿಕೊಂಡು ಮಾವ ಪೇಪರ್ ಹಿಡಿದಿದ್ದರು.

"ಮಷೀನು ಶುರು ಮಾಡೋರು ಯಾರು?"

"ನಾನೇ," ಎಂದರು ಅತ್ತೆ.

"ಶುರು ಮಾಡಿದ ಮೇಲೆ?"

"ಮಗೂಗೆ ಸ್ನಾನ ಮಾಡಿಸೋಕೆ ಹೋಗ್ತೀನಿ. ಬೀಗರು ನೀರು ಹೊಯ್ತಾರೆ."

"ಅಂದ್ರೆ ಇಬ್ಬರೂ ಬಚ್ಚಲಲ್ಲಿ. ಸೊಸೆ?"

"ಅವಳಿಗೆ ಅದೊಂದೇ ಹೊತ್ತು ನಿದ್ದೆ. ಮಲಗಿರ್ತಾಳೆ ಪಾಪ," ಎಂದರು ಅಮ್ಮ. ಅತ್ತೆಯೂ ಅದೇ ಮಾತು ಹೇಳಲು ಬಾಯಿ ತೆರೆದವರು ಗಪ್ಪನೆ ಮುಚ್ಚಿಕೊಂಡರು.

"ಮನೆಯಲ್ಲಿ ಬೇರೆ ಯಾವುದಾದರೂ ಬಟ್ಟೆ ಮೇಲೆ ದೂರು?"

"ಇದೆ!" ಬಾಲ್ಕನಿಯಿಂದ ಮಾವ ಕೂಗಿದರು. "ನನ್ನ ಟವೆಲ್ಲು! ಮೈ ಒರೆಸಲ್ಲ ಅಕ್ಕಾ ಅದು. ನೀರನ್ನ ಬೆನ್ನ ಮೇಲೆ ಆ ಕಡೆಯಿಂದ ಈ ಕಡೆಗೆ ತಳ್ಳುತ್ತೆ. ದಿನಾ ಹೇಳ್ತಿದೀನಿ."

"ಅವರದ್ದು ಇದ್ದಿದ್ದೇ," ಎಂದರು ಅತ್ತೆ. "ಕಾಫಿ ಬಿಸಿ ಅಂತಾರೆ, ಫ್ಯಾನು ತಣ್ಣಗೆ ಅಂತಾರೆ. ಕೇಳ್ತಾ ಕೂತರೆ ಮನೆ ನಡೆಯುತ್ತಾ?"

ಅಕ್ಕ ನಗಲಿಲ್ಲ. "ಆ ಟವೆಲ್ಲು ತಗೊಂಡು ಬಾ. ಒಂದು ಬಕೆಟ್ ಬಿಸಿನೀರು, ಒಂದು ಲೋಟ ತಣ್ಣೀರು."

ಮೊದಲು ಒಗೆದ ಲಂಗೋಟಿಯೊಂದು ಬಿಸಿನೀರಿಗೆ ಬಿತ್ತು. ಅಕ್ಕ ತಿಕ್ಕಿದರು, ಕುಲುಕಿದರು.

"ನೊರೆ ಬಂತಾ?"

"ಇಲ್ಲ," ಎಂದಳು ಸೊಸೆ.

"ಸೋಪು ಉಳಿದಿದ್ರೆ ನೊರೆ ಏಳಬೇಕಿತ್ತು. ಅತ್ತೆಯ ಲಿಕ್ವಿಡ್ ನಿರಪರಾಧಿ."

ಅತ್ತೆ ಬೀಗಿದರು. ಅಮ್ಮನ ಮುಖ ಬಾಡಿತು. "ಹಾಗಾದ್ರೆ ನನ್ನ ಸೋಡಾನೇ ಅಂತೀರಾ?"

"ತಡೀರಿ ತಾಯಿ."

ಅಕ್ಕ ಒಣ ಲಂಗೋಟಿಯೊಂದನ್ನು ಮೇಜಿನ ಮೇಲೆ ಹರಡಿ, ಬೆರಳಿನಿಂದ ಒಂದು ಹನಿ ನೀರು ಬಿಟ್ಟರು. ಹನಿ ಇಂಗಲಿಲ್ಲ. ತಾವರೆ ಎಲೆಯ ಮೇಲೆ ಕೂತಂತೆ ದುಂಡಗೆ ಕೂತುಬಿಟ್ಟಿತು! ಟವೆಲ್ಲಿನ ಮೇಲೂ ಅಷ್ಟೆ. ಹನಿ ಉರುಳಿ ಮೇಜಿಗೆ ಬಿತ್ತು.

"ಈಗ ಆ ಒಲೆ ಒರೆಸೋ ಬಟ್ಟೆ ಕೊಡು."

ಅದೂ ಲಂಗೋಟಿಯದೇ ಒಡಹುಟ್ಟು. ಒಂದೇ ಹಳೆಯ ಹೊದಿಕೆಯನ್ನು ಹರಿದು ಮಾಡಿದ್ದು. ಅಮ್ಮ ಅದನ್ನು ಅಡುಗೆಮನೆ ನಲ್ಲಿಯಲ್ಲೇ ಸೋಡಾ ಹಾಕಿ ಕೈಯಲ್ಲಿ ಒಗೆಯುತ್ತಿದ್ದರು. ಹನಿ ಬಿದ್ದದ್ದೇ ತಡ, ಗುಟುಕ್ಕನೆ ಕುಡಿದುಬಿಟ್ಟಿತು.

"ಸೋಡಾ ಕೂಡ ನಿರಪರಾಧಿ!" ಎಂದರು ಅಕ್ಕ. "ತಪ್ಪು ನಡೀತಿರೋದು ಮಷೀನಿನ ಒಳಗೆ. ನಿಮ್ಮಿಬ್ಬರ ಬೆನ್ನ ಹಿಂದೆ."

ಅಜ್ಜಿಯರು ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದನ್ನ ಮೂಸಿ. ಏನು ವಾಸನೆ?"

"ಗುಲಾಬಿ," ಎಂದರು ಅಮ್ಮ. "ಅವರ ಲಿಕ್ವಿಡ್ದು."

"ನನ್ನದು ನಿಂಬೆ ವಾಸನೆ!" ಅತ್ತೆ ಬೆಚ್ಚಿದರು. "ನಾನು ನಿಮ್ಮ ಪೌಡರ್ದು ಅಂದ್ಕೊಂಡಿದ್ದೆ."

"ನಾನು ಮಗೂಗೆ ಪೌಡರೇ ಹಾಕಲ್ಲವಲ್ಲ!"

"ನೋಡಿ," ಎಂದರು ಅಕ್ಕ, "ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ರೆ ಮೊದಲ ದಿನವೇ ಗೊತ್ತಾಗ್ತಿತ್ತು. ಮಾತು ಬಿಟ್ರಿ, ಕಳ್ಳ ಬಚಾವಾದ." ಆಮೇಲೆ ದನಿ ಏರಿಸಿ, ಬಾಲ್ಕನಿಯವರೆಗೂ ಕೇಳುವಂತೆ ಹೇಳಿದರು: "ಈ ಗುಲಾಬಿ ವಾಸನೆ ಬಹಳ ಹಠಮಾರಿ. ಇವತ್ತು ಸುರಿದವರ ಅಂಗಿ ತೋಳಿನಲ್ಲಿ ಇನ್ನೂ ಇದ್ದೇ ಇರುತ್ತೆ."

ಬಾಲ್ಕನಿಯಲ್ಲಿ ಪೇಪರ್ ಸದ್ದಿಲ್ಲದೆ ಕೆಳಗಿಳಿಯಿತು. ಮಾವ ಬಲದ ತೋಳನ್ನು ಮೆಲ್ಲಗೆ ಮೂಗಿನ ಹತ್ತಿರ ತಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

"ತಮ್ಮಾ," ಎಂದರು ಅಕ್ಕ, "ಬಾ ಈಚೆ. ಬಾಟಲಿ ಸಮೇತ."

"ನೀವಾ?" ಅತ್ತೆ ಬಾಯಿ ಬಿಟ್ಟುಕೊಂಡರು. "ಟವೆಲ್ಲು ಒರೆಸಲ್ಲ ಅಂತ ತಲೆ ತಿಂದವರು ನೀವೇ ಅಲ್ವಾ?"

"ಅಪರಾಧ ಮಾಡಿ, ತಾನೇ ದೂರು ಕೊಟ್ಟ ಮೊದಲ ಕಳ್ಳ," ಎಂದು ಅಕ್ಕ ಸೊಸೆಯ ಕಡೆ ತಿರುಗಿದರು. "ನೀನು ಬಟ್ಟೆ ನೋಡಿದೆ, ಕುರ್ಚಿ ನೋಡಲಿಲ್ಲ. ಇಷ್ಟು ವರ್ಷ ಇವನು ಪೇಪರ್ ಓದಿದ್ದು ಮುಂದಿನ ಕಿಟಕಿ ಹತ್ತಿರ. ಈಗ ಕುರ್ಚಿ ಮಷೀನಿನ ಪಕ್ಕಕ್ಕೆ ಬಂದಿದೆ. ಯಾಕೆ? ಕೇಳಿದ್ರೆ ಬೆಳಕು ಚೆನ್ನಾಗಿದೆ ಅಂತಾನೆ. ಸರಿ. ಕನ್ನಡಕ ಎಲ್ಲಿ?"

ಎಲ್ಲರೂ ತಿರುಗಿ ನೋಡಿದರು. ಮಾವನ ಕನ್ನಡಕ ಟಿ.ವಿ. ಪಕ್ಕದಲ್ಲಿ ತಣ್ಣಗೆ ಕೂತಿತ್ತು.

"ಟಿಕೆಟ್ ಇಲ್ಲದವನು ನನ್ನ ಕಂಡ ತಕ್ಷಣ ಪೇಪರ್ ಹಿಡೀತಿದ್ದ. ಎಷ್ಟು ಜನರನ್ನ ನೋಡಿಲ್ಲ ನಾನು!"

ಮಾವ ತಲೆ ತಗ್ಗಿಸಿ, ಹಳೆಯ ಪೇಪರುಗಳ ಕಟ್ಟಿನ ಹಿಂದಿನಿಂದ ಗುಲಾಬಿ ಬಣ್ಣದ ಬಾಟಲಿ ತಂದು ಮೇಜಿನ ಮೇಲಿಟ್ಟರು. ಬಟ್ಟೆ ಮೆತ್ತಗಾಗಿಸುವ ಕಂಡೀಷನರ್.

"ಅಂಗಡಿಯವನು ಹೇಳಿದ, ಬೆಣ್ಣೆ ಹಾಗಾಗುತ್ತೆ ಅಂತ. ಬಿಸಿಲಿಗೆ ಒಣಗಿ ಲಂಗೋಟಿ ಒರಟಾಗಿತ್ತು. ಮಗು ತೊಡೆ ಒಂಚೂರು ಕೆಂಪಾಗಿತ್ತು. ನೋಡೋಕೆ ಆಗಲಿಲ್ಲ. ಒಂದು ಮುಚ್ಚಳ ಹಾಕಿದೆ. ಕೆಂಪು ಜಾಸ್ತಿ ಆಯ್ತು. ಎರಡು ಮುಚ್ಚಳ ಹಾಕಿದೆ..."

"ಮುಚ್ಚಳ ಜಾಸ್ತಿ ಆದ ಹಾಗೆ ಕೆಂಪೂ ಜಾಸ್ತಿ," ಎಂದರು ಅಕ್ಕ. "ಇದು ಕೊಳೆ ತೆಗೆಯೋದಲ್ಲ ತಮ್ಮಾ, ನೂಲಿಗೆ ಜಿಡ್ಡು ಬಳಿಯೋದು. ಅಂಗಿಗೆ ನಡೆಯುತ್ತೆ. ನೀರು ಹೀರಬೇಕಾದ ಬಟ್ಟೆಗೆ ಬಳಿದರೆ ಅದು ರೇನ್‌ಕೋಟು. ಬಾಟಲಿ ಹಿಂದೆ ಸಣ್ಣಕ್ಷರದಲ್ಲಿ ಬರೆದಿದ್ದಾರೆ ನೋಡು, ಟವೆಲ್ಲಿಗೆ ಬೇಡ ಅಂತ. ಕನ್ನಡಕ ಹಾಕ್ಕೊಂಡಿದ್ರೆ ಓದ್ತಿದ್ದೆ!"

"ನನಗೊಂದು ಮಾತು ಹೇಳಬಾರದಿತ್ತಾ?" ಅತ್ತೆಯ ದನಿ ಇಳಿದಿತ್ತು.

"ಹೇಳಿದ್ರೆ ಬಿಡ್ತಿದ್ಯಾ?" ಎಂದರು ಮಾವ. "ಒಬ್ಬರು ಸ್ನಾನ ಮಾಡಿಸ್ತೀರಿ, ಒಬ್ಬರು ನೀರು ಹೊಯ್ತೀರಿ. ನಾನು ಎತ್ಕೊಳ್ಳೋಕೆ ಬಂದ್ರೆ, ಕತ್ತು ಹಿಡೀರಿ, ಕೈ ತೊಳೀರಿ, ಆಮೇಲೆ ಬನ್ನಿ. ನನ್ನ ಮೊಮ್ಮಗು ಅದು. ನಾನೂ ಏನಾದ್ರೂ ಒಂದು ಮಾಡಬೇಕು ಅನ್ನಿಸ್ತು."

ಸೊಸೆಗೆ ಅಳು ಬಂತು, ನಗುವೂ ಬಂತು. ಅವಳು ಎದ್ದು ಮಗುವನ್ನು ಮಾವನ ಮಡಿಲಲ್ಲಿ ಮಲಗಿಸಿದಳು. ಕೈ ತೊಳೆಯಿರಿ ಎಂದು ಯಾರೂ ಹೇಳಲಿಲ್ಲ.

"ಈ ಜಿಡ್ಡು ಬಿಡಿಸೋದು ಹೇಗೆ ಅಕ್ಕಾ?" ಎಂದಳು ಸೊಸೆ.

"ಕುದಿಯೋ ಹಾಗಿರೋ ನೀರು. ಅತ್ತೆಯ ಲಿಕ್ವಿಡ್, ಅಳತೆಗೆ ಸರಿಯಾಗಿ. ಅಮ್ಮನ ಸೋಡಾ. ಎರಡರಲ್ಲಿ ಒಂದಿಲ್ಲದಿದ್ರೂ ಈ ಗಡಸು ನೀರಲ್ಲಿ ಆಗಲ್ಲ. ಆಮೇಲೆ ಚೆನ್ನಾಗಿ ಜಾಲಿಸಬೇಕು. ಒಂದೇ ಸಲಕ್ಕೆ ಹೋಗಲ್ಲ, ಮತ್ತೆ ಮತ್ತೆ ಮಾಡಬೇಕು."

ಅತ್ತೆ ನೆಲ ನೋಡುತ್ತಾ ಹೇಳಿದರು, "ಬೀಗರೇ, ನಿಮ್ಮ ಸೋಡಾ ಎಷ್ಟು ಹಾಕಬೇಕು ಅಂತ ನನಗೆ ಗೊತ್ತಿಲ್ಲ. ತಪ್ಪು ಮಾತಾಡಿಬಿಟ್ಟೆ. ಇವತ್ತು ಬಸ್ಸು ಹತ್ತಬೇಡಿ."

"ನಾನೇನು ಕಡಿಮೆ ಮಾತಾಡಿದ್ನಾ?" ಅಮ್ಮ ಕಣ್ಣೊರೆಸಿಕೊಂಡರು. "ದೊಡ್ಡ ಪಾತ್ರೆ ಎಲ್ಲಿದೆ, ತೋರಿಸಿ."

"ಮಾವ, ಲಂಗೋಟಿ ಜಾಲಿಸಿ ಒಣಹಾಕೋದು ಇನ್ಮೇಲೆ ನಿಮ್ಮ ಕೆಲಸ," ಎಂದಳು ಸೊಸೆ. "ಮಡಿಸೋ ಮುಂಚೆ ಚೆನ್ನಾಗಿ ಉಜ್ಜಿ ಕೊಡವಿದ್ರೆ ತಾನಾಗಿ ಮೆತ್ತಗಾಗುತ್ತೆ."

ಮಾವ ಮಗುವಿನ ಮೇಲಿಂದ ಕಣ್ಣು ತೆಗೆಯದೆ ತಲೆಯಾಡಿಸಿದರು.

ಕೆಲವು ದಿನ ಕಳೆದವು. ಮಗುವಿನ ತೊಡೆ ತಿಳಿಯಾಯಿತು. ಲಂಗೋಟಿಗಳು ತಮ್ಮ ಕೆಲಸ ತಾವು ಮಾಡಿದವು. ಅಮ್ಮನ ಚೀಲ ಖಾಲಿಯಾಗಿ ಅಟ್ಟ ಸೇರಿತು. ಒಂದು ಬೆಳಿಗ್ಗೆ ಬಚ್ಚಲಮನೆಯಿಂದ ಮಾವನ ಕೂಗು ಬಂತು:

"ಏನಿದು ಟವೆಲ್ಲು! ಬೆನ್ನೆಲ್ಲ ಚುಚ್ಚುತ್ತೆ!"

ಅಡುಗೆಮನೆಯಲ್ಲಿ ಇಬ್ಬರು ಅಜ್ಜಿಯರೂ ಒಟ್ಟಿಗೆ ಕೂಗಿದರು:

"ಸುಮ್ನೆ ಒರೆಸ್ಕೊಳ್ಳಿ!"