ಮತ್ತೆ ಹೋಗಬೇಡ ಎಂಬ ಹೆಸರು

ಹನ್ನೊಂದನೇ ದಿನಕ್ಕೆ ಕನಕರಾಜ್ ಬಂದ.

ಬೈಕ್ ನಿಲ್ಲಿಸಿ, ಅವ್ವ ತಿಪ್ಪಮ್ಮನನ್ನು ಇಳಿಸಿ, ಬಾಗಿಲವರೆಗೆ ಬಂದವನು ಅಲ್ಲೇ ನಿಂತುಬಿಟ್ಟ. ಬಿ.ದುರ್ಗದ ತವರುಮನೆಯ ನಡುಮನೆಯಲ್ಲಿ ಕಾವ್ಯಶ್ರೀ ಬಾಣಂತಿಯಾಗಿ ಕೂತಿದ್ದಳು. ಅವಳ ಮಡಿಲಲ್ಲಿ ಅವನ ಮಗಳು. ಹೆರಿಗೆಯಾದ ಮೇಲೆ ಇದೇ ಮೊದಲ ಭೇಟಿ!

ಅವಳು ಬಟ್ಟೆ ಸರಿಸಿ ಕೂಸಿನ ಮುಖ ತೋರಿಸಿದಳು.

ಅವನು ಗೋಡೆ ನೋಡಿದ. ಕ್ಯಾಲೆಂಡರ್ ನೋಡಿದ. ಕೂಸನ್ನು ಮಾತ್ರ ನೋಡಲಿಲ್ಲ.

“ಆರಾಮಿದೀಯಾ?” ಎಂದ.

“ಹ್ಞೂಂ…”

ಇದೇ ಮನುಷ್ಯ ಎರಡು ವರ್ಷದ ಹಿಂದೆ ಹೆಂಡತಿಯ ಹೊಟ್ಟೆಯ ಜೊತೆ ಹರಟೆ ಹೊಡೆಯುತ್ತಿದ್ದ ಅಂದರೆ ಯಾರು ನಂಬುತ್ತಾರೆ ಹೇಳಿ!

ಕಾವ್ಯಶ್ರೀ ಅಂಗನವಾಡಿ ಟೀಚರ್. ಮಕ್ಕಳ ಹೆಸರೆಂದರೆ ಅವಳಿಗೆ ಹುಚ್ಚು. ಹೆಣ್ಣು ನೋಡಲು ಬಂದವನಿಗೇ “ಕನಕ ಅಂದ್ರೆ ಬಂಗಾರ, ಗೊತ್ತೈತಾ ನಿಮ್ಗೆ?” ಎಂದು ಕೇಳಿ ತಬ್ಬಿಬ್ಬು ಮಾಡಿದವಳು. ಮೊದಲ ಸಲ ಬಸುರಾದಾಗ ಮೊಬೈಲಿನಲ್ಲಿ ದೇಶದೇಶದ ಹೆಸರುಗಳನ್ನೆಲ್ಲ ಜಾಲಾಡಿ ಒಂದನ್ನು ಆರಿಸಿದ್ದಳು. ಜೋಯಾ. ಗ್ರೀಕ್ ಮೂಲದ ಹೆಸರು, ಜೀವ ಎಂದು ಅರ್ಥ. ಕನಕರಾಜ್ ಹರಿಯಬ್ಬೆಯಲ್ಲಿ ಕುರಿಗಳನ್ನು ಹಟ್ಟಿಗೆ ಕೂಡಿ ಬಂದವನೇ “ಜೋಯಾ, ಅಪ್ಪ ಬಂದೆ ಕಣವ್ವ” ಅನ್ನುತ್ತಿದ್ದ.

ಜೀವ ಎಂಬ ಹೆಸರಿನ ಆ ಕೂಸು ಒಂಬತ್ತೇ ದಿನ ಬದುಕಿತು.

“ಹುಟ್ಟೋ ಮುಂಚೆನೇ ಹೆಸರಿಟ್ರೆ ಉಳಿತೈತಾ?” ಎಂದು ಊರ ಹೆಂಗಸರು ಆಡಿಕೊಂಡರು. ಕನಕರಾಜ್ ಮಣ್ಣು ಮಾಡಿ ಬಂದ, ಸ್ನಾನ ಮಾಡಿದ. ಅಳಲಿಲ್ಲ. ಆ ಹೆಸರನ್ನು ಮತ್ತೆಂದೂ ಬಾಯಿಗೆ ತರಲೂ ಇಲ್ಲ. ಅದು ಕಾವ್ಯಶ್ರೀಯ ಎದೆಯಲ್ಲಿ ಮುಳ್ಳಾಗಿ ಉಳಿದುಹೋಯಿತು.

ಈಗ ಈ ಎರಡನೆಯದು. ಹುಟ್ಟುವಾಗ ಎರಡು ಕೆಜಿಯೂ ಇಲ್ಲ. ಉಸಿರಾಡುತ್ತಿದೆಯಾ ಎಂದು ಅವಳು ಗಳಿಗೆಗೊಮ್ಮೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು.

“ಬರ್ರಿ ಬೀಗ್ರೇ, ಕುಂತ್ಕಳ್ರಿ” ಎಂದು ಅವಳ ತಾಯಿ ಹೊನ್ನಕ್ಕ ಚಾಪೆ ಹಾಕಿದಳು. ತಿಪ್ಪಮ್ಮ ಕೂರಲಿಲ್ಲ.

“ನೋಡವ್ವ ಕಾವ್ಯಾ, ನನಗಿಂತ ಮುಂಚೆ ಹುಟ್ಟಿದ ಮೂರು ಕೂಸು ಹೋಗಿದ್ವು. ನನ್ನ ಮೊರದಾಗೆ ಹಾಕಿ ತಿಪ್ಪೆ ಮ್ಯಾಲೆ ಮಲಗ್ಸಿದ್ರು. ಅರವತ್ತೆರಡು ವರ್ಷ ಆತು, ಇನ್ನೂ ಬದುಕಿದೀನಿ. ಇದಕ್ಕೂ ಹಂಗೇ ಮಾಡಾಣ. ಹೊರಗ್ನೋರು ಯಾರಾದ್ರೂ ಎತ್ಕಂಡು, ಯಾರ ಕೂಸು ಅಂತಾರೆ. ನೀನು ನಂದಲ್ಲ ಅನ್ಬೇಕು. ತಿಪ್ಪಮ್ಮ ಅಂತ ನನ್ ಹೆಸ್ರೇ ಇಡಾಣ.”

“ನಂದಲ್ಲ ಅನ್ಬೇಕಾ? ನನ್ ಮಗಳು ಕಸ ಅಲ್ಲ ಅತ್ತೆ!” ಕಾವ್ಯಶ್ರೀ ಗಂಡನತ್ತ ತಿರುಗಿದಳು. “ನೀವಾದ್ರೂ ಹೇಳ್ರಿ…”

“ಅವ್ವ ಹೇಳ್ದಂಗೆ ಮಾಡು.”

“ಮುಖ ಕೂಡ ನೋಡ್ಲಿಲ್ಲ ನೀವು! ತಿಪ್ಪೆಗೆ ಹಾಕು ಅಂತ ಹೇಳಾಕೆ ಬಂದ್ರಾ? ನಾನು ಹರಿಯಬ್ಬೆಗೆ ಬರಲ್ಲ. ಇನ್ಯಾವತ್ತೂ ಬರಲ್ಲ!”

ಅವನು ಹಿತ್ತಲ ಕಡೆ ಹೋದ.

*ನನ್ನನ್ನೇ ದೂರುತ್ತಿದ್ದಾನೆ… ನಾನಿಟ್ಟ ಹೆಸರೇ ಕೂಸನ್ನು ತಿಂದಿತು ಅಂತ!*

ಹಟಕ್ಕೆ ಬಿದ್ದು ಮೊಬೈಲ್ ತೆಗೆದಳು. ಇಡೀ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲದಂಥ ಹೆಸರು ಇಡುತ್ತೇನೆ, ನೋಡೋಣ! ಬೆರಳು ಸರಸರ ಓಡಿತು. ಒಂದು ಕಡೆ ನಿಂತಿತು.

ನೆರ್ಗುಯಿ. ಮಂಗೋಲಿಯಾ. ಅರ್ಥ: ಹೆಸರಿಲ್ಲದ್ದು.

ಇಂಥ ಹೆಸರು ಯಾರಿಡುತ್ತಾರೆ? ಕೆಳಗೆ ಬರೆದಿತ್ತು. ಮಕ್ಕಳನ್ನು ಕಳೆದುಕೊಂಡ ಮನೆಯವರು, ಕೆಟ್ಟ ಶಕ್ತಿಗಳ ಕಣ್ಣು ತಪ್ಪಿಸಲು. ಅದರ ಕೆಳಗೆ ಇನ್ನೊಂದು. ಮಾಲೊಮೊ. ನೈಜೀರಿಯಾದ ಯೊರೂಬಾ ಜನರದ್ದು. ಅರ್ಥ: ಮತ್ತೆ ಹೋಗಬೇಡ.

ಕಾವ್ಯಶ್ರೀ ಆ ಸಾಲನ್ನು ಮತ್ತೊಮ್ಮೆ ಓದಿದಳು. ಎಲ್ಲಿಯ ನೈಜೀರಿಯಾ! ಅಲ್ಲೂ ಒಬ್ಬ ತಾಯಿ ತನ್ನ ಹಾಗೆಯೇ ಕೂಸಿನ ಮೂಗಿಗೆ ಬೆರಳು ಹಿಡಿದು ಕೂತಿರಬೇಕು. ಅತ್ತೆ ಕೊಡುತ್ತಿರುವುದು ಬೈಗುಳವಲ್ಲ… ಅರವತ್ತೆರಡು ವರ್ಷ ತನ್ನನ್ನು ಕಾದಿದೆ ಎಂದು ನಂಬಿದ ಹೆಸರನ್ನು.

ಕೂಸನ್ನು ಹೊನ್ನಕ್ಕನ ಕೈಗಿತ್ತು ಹಿತ್ತಲಿಗೆ ನಡೆದಳು.

ಕನಕರಾಜ್ ತಿಪ್ಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬರಿಗೈಲಿ ಸಗಣಿ ಕೆದಕುತ್ತಿದ್ದ. ಕಲ್ಲಿನ ಮೇಲೆ ಬಳೆಚೂರು, ಒಡೆದ ಬಾಟಲಿಯ ಗಾಜು, ಜಾಲಿಮುಳ್ಳು, ತುಕ್ಕು ಹಿಡಿದ ಬ್ಲೇಡು. ಅವನ ಹೆಬ್ಬೆರಳಿನಿಂದ ರಕ್ತ ಸೋರುತ್ತಿತ್ತು.

“ಏನ್ ಮಾಡ್ತಿದೀರಿ?”

“ಗಾಜು ಅವೆ… ಕೂಸಿಗೆ ಚುಚ್ಚಿದ್ರೆ?”

ಅವಳು ಅವನ ಪಕ್ಕ ಕೂತಳು.

“ಮತ್ತೆ ಮುಖ ಯಾಕೆ ನೋಡ್ಲಿಲ್ಲ?”

ಅವನು ಕೈಲಿದ್ದ ಗಾಜಿನ ಚೂರನ್ನು ಕಲ್ಲಿನ ಮೇಲಿಟ್ಟ.

“ಜೋಯಾನ ದಿನಾ ನೋಡ್ದೆ, ದಿನಾ ಕರೆದೆ. ಗುಂಡೀಲಿ ಇಡುವಾಗ್ಲೂ ಮುಖದ ಬಟ್ಟೆ ತೆಗ್ದು ಮೂರು ಸಲ ಕರೆದೆ ಕಾವ್ಯಾ… ಏಳ್ಲಿಲ್ಲ. ನನ್ ಕಣ್ಣೇ ತಾಕ್ತು ಅನ್ನಿಸ್ತು. ಇದನ್ನೂ ನೋಡ್ಬಿಟ್ರೆ…”

ಎರಡು ವರ್ಷ ಹಿಡಿದಿಟ್ಟ ಅಳು ಒಮ್ಮೆಲೇ ನುಗ್ಗಿತು. ಗಂಡಸು ಅಷ್ಟು ಜೋರಾಗಿ ಅಳುವುದನ್ನು ಅವಳು ಕೇಳಿರಲಿಲ್ಲ.

“ನೀವು ನನ್ನ ದೂರ್ತಿದೀರಿ ಅನ್ಕಂಡಿದ್ದೆ…”

“ನಿನ್ನ ಯಾಕೆ ದೂರ್ಲಿ? ಆ ಹೆಸ್ರು ನಂಗೂ ಇಷ್ಟ ಇತ್ತಲ್ಲೇ!”

ಸೆರಗಿನಿಂದ ಅವನ ಬೆರಳು ಒರೆಸುತ್ತ ಅವಳು ಆ ಎರಡು ಹೆಸರುಗಳ ಕಥೆ ಹೇಳಿದಳು. “ಮಂಗೋಲಿಯಾದಾಗೂ ನಿಮ್ಮಂಗೆ ಕುರಿ ಕಾಯೋರು ಅದಾರಂತೆ. ಅವ್ರೂ ಹಿಂಗೇ ಹೆದರ್ತಾರಂತೆ… ಮಲಗ್ಸಾಣ ರೀ. ಆದ್ರೆ ಸೋಮವಾರ ಹೊಳಲ್ಕೆರೆ ಆಸ್ಪತ್ರೆಗೆ ತೋರ್ಸಾಕೂ ಹೋಗಾಣ. ಮತ್ತೆ… ನೀವೇ ಎತ್ಬೇಕು.”

“ಹೊರಗ್ನೋರು ಎತ್ಬೇಕು ಕಣೇ.”

ಮೊರ ಹಿಡಿದು ಬಂದಿದ್ದ ತಿಪ್ಪಮ್ಮ ಬಾಗಿಲಲ್ಲೇ ಹೇಳಿದಳು. “ಹನ್ನೊಂದು ದಿನ ಮಗಳ ಮುಖ ನೋಡದೇ ಇದ್ದೋನು ಹೊರಗ್ನೋನೇ ಆದ. ಎತ್ತು ಕಣೋ!”

ಹುಲ್ಲು ಹಾಸಿ, ಹೊನ್ನಕ್ಕನ ಕೈಯಿಂದ ಕೂಸನ್ನು ತಂದು ಮಲಗಿಸಿ, ಕಾವ್ಯಶ್ರೀ ತಾನೇ ಮೊರವನ್ನು ತಿಪ್ಪೆಯ ಮೇಲಿಟ್ಟಳು. ಇದರಿಂದ ಸಾವು ದೂರವಾಗುತ್ತದೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.

ಕನಕರಾಜ್ ಕೈ ತೊಳೆದು ಬಂದು, ಬಗ್ಗಿ ಕೂಸನ್ನು ಎತ್ತಿಕೊಂಡ. ಮುಖ ನೋಡಿದ. ನೋಡುತ್ತಲೇ ಉಳಿದ.

“ಯಾರ… ಯಾರ ಕೂಸು ಇದು?”

ಅವಳ ತುಟಿ ಅದುರಿತು. “ನಂದಲ್ಲ.”

“ಹಂಗಾರೆ ನಾನು ಸಾಕ್ಕಂತೀನಿ. ಆದ್ರೆ ಇದಕ್ಕೊಬ್ಳು ತಾಯಿ ಬೇಕು.” ಅವನು ತಲೆಯೆತ್ತಿ ಅವಳನ್ನೇ ನೋಡಿದ. “ನೀನು ಬರ್ತೀಯಾ?”

“ಬರ್ತೀನಿ… ಮೊದ್ಲು ಕೊಡ್ರಿ ಇಲ್ಲಿ. ಹಸಿವಾಗೈತೆ ಅದಕ್ಕೆ.”