ಈಸ್ಟರ್ ಪಾರ್ಟಿ ನಂದು

“ಯುವರಾಜನ ಕಾರ್ಡು ಹರಿ,” ಎಂದ ಅಪ್ಪ.

ಪ್ರಿಯಾಳ ಕೈಯಲ್ಲಿದ್ದ ಹಸಿರು ಸ್ಕೆಚ್‌ಪೆನ್ನು ಅಲ್ಲೇ ನಿಂತಿತು. ನಡುಮನೆಯ ನೆಲದ ಮೇಲೆ ಅವಳು ಬೋರಲಾಗಿ ಮಲಗಿದ್ದಳು. ಸುತ್ತಲೂ ಮೊಟ್ಟೆಯ ಆಕಾರಕ್ಕೆ ಕತ್ತರಿಸಿದ ಕಾರ್ಡುಗಳು. ಗೆಳತಿ ಮಹೇಶ್ವರಿಗೆ ಒಂದು, ಮುಮ್ತಾಜಳಿಗೆ ಒಂದು, ಕಮತಗಿಯ ಅತ್ತೆಗೆ ಒಂದು. ಎಲ್ಲಕ್ಕಿಂತ ದೊಡ್ಡದು ಯುವರಾಜನದು. ಅವನು ಕಾಕಾನ ಮಗ. ಪ್ರಿಯಾಳದೇ ಓಣಿ, ಪ್ರಿಯಾಳದೇ ಕ್ಲಾಸು.

“ಯಾಕ?”

“ಅವರ ಮನಿಯವರನ್ನ ಕರಿಯಂಗಿಲ್ಲ.”

“ಈ ಸಲ ಈಸ್ಟರ್ ಪಾರ್ಟಿ ನಂದು ಅಂತ ನೀನೇ ಹೇಳಿದ್ದಿ!”

“ಪಾರ್ಟಿ ನಿಂದು. ಮನಿ ನಂದು.”

“ಹಂಗಾದ್ರ ನೀನೇ ಹರಿ. ನಾ ಹರಿಯಂಗಿಲ್ಲ.”

ಪ್ರಿಯಾ ಕಾರ್ಡನ್ನು ಅಪ್ಪನ ಮುಂದೆ ಚಾಚಿದಳು. ಅಪ್ಪ ಅದನ್ನು ಮುಟ್ಟಲಿಲ್ಲ. ಬಸ್ ಡಿಪೋದಿಂದ ಬಂದ ಮೈಯಲ್ಲಿ ಎಣ್ಣೆಯ ವಾಸನೆ ಇತ್ತು. ಟವೆಲ್ ಹೆಗಲಿಗೆ ಹಾಕಿಕೊಂಡು ಸೀದಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ.

ಪ್ರಿಯಾಳಿಗೆ ಎಷ್ಟು ಸಿಟ್ಟು ಬಂತೆಂದರೆ, ಸ್ಕೆಚ್‌ಪೆನ್ನಿನ ಮೂತಿ ನೆಲಕ್ಕೆ ಒತ್ತಿ ಒತ್ತಿ ಒಳಗೇ ಹೋಗಿಬಿಟ್ಟಿತು.

ಇದೆಲ್ಲ ಶುರುವಾದದ್ದು ಚರ್ಚಿನ ಕಮಿಟಿ ಇಲೆಕ್ಷನ್‌ನಿಂದ. ಹೊಸ ವರ್ಷ ಬಂದ ಮೇಲೆ ನಡೆದ ಆ ಇಲೆಕ್ಷನ್‌ಗೆ ಕಾಕಾ ನಿಂತಿದ್ದ. ಸ್ವಲ್ಪದರಲ್ಲೇ ಸೋತ. ನಿಮ್ಮ ಅಣ್ಣನೇ ನಿಮಗೆ ಓಟು ಹಾಕಿಲ್ಲ ಎಂದು ಯಾರೋ ಅವನ ಕಿವಿ ಊದಿದರು. ಅಂದಿನಿಂದ ಕಾಕಾ ಇವರ ಮನೆಯ ಮುಂದೆ ತನ್ನ ಟಂಟಂ ರಿಕ್ಷಾ ನಿಲ್ಲಿಸುವುದಿಲ್ಲ. ಮೊದಲೆಲ್ಲ ಬಾಗಿಲ ಮುಂದೆ ಎರಡು ಸಲ ಹಾರ್ನ್ ಹೊಡೆದೇ ಮುಂದೆ ಹೋಗುತ್ತಿದ್ದ.

ಅಪ್ಪ ಯಾರಿಗೆ ಓಟು ಹಾಕಿದ್ದ ಎಂಬುದು ಪ್ರಿಯಾಳಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಅಪ್ಪ ಅವ್ವನ ಮುಂದೆ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು.

“ಅವಗ ಬಿಟ್ಟು ಮತ್ತ್ಯಾರಿಗೆ ಹಾಕ್ಲಿ? ನನ್ನ ತಮ್ಮ ಅವ.”

“ಹಂಗಂತ ಹೋಗಿ ಹೇಳಿಬಿಡ್ರಿ, ಮುಗೀತು,” ಎಂದಿದ್ದಳು ಅವ್ವ.

“ನಾ ಯಾಕ ಮೊದಲ ಹೋಗ್ಲಿ? ಅವ ಬಂದು ಕೇಳ್ಲಿ.”

ಇಷ್ಟೇ. ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳೂ ಇದಕ್ಕಿಂತ ಬೇಗ ರಾಜಿಯಾಗುತ್ತಾರೆ.

ಪಾರ್ಟಿಯ ಬಗ್ಗೆ ಪ್ರಿಯಾ ಎಷ್ಟೊಂದು ಯೋಚಿಸಿದ್ದಳು! ಮಾಳಿಗೆಯ ಮೇಲೆ ಅವ್ವನ ಹಳೆಯ ಸೀರೆಗಳನ್ನು ಕಟ್ಟಿ ನೆರಳು ಮಾಡಬೇಕು. ಅಜ್ಜಿ ಉಳ್ಳಾಗಡ್ಡಿ ಸಿಪ್ಪೆಯ ನೀರಿನಲ್ಲಿ ಮೊಟ್ಟೆ ಕುದಿಸಿ ಕೆಂಪು ಬಣ್ಣ ಬರಿಸಬೇಕು. ಯುವರಾಜ ಅವನ್ನು ಅಡಗಿಸಿಡಬೇಕು, ಉಳಿದವರು ಹುಡುಕಬೇಕು. ಅಡಗಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೋದ ವರ್ಷ ಅವನು ಇಟ್ಟ ಒಂದು ಮೊಟ್ಟೆ ಯಾರಿಗೂ ಸಿಕ್ಕಿರಲಿಲ್ಲ. ಆಮೇಲೆ ಮನೆಯೆಲ್ಲ ನಾರತೊಡಗಿದಾಗ ಅಪ್ಪ ಮೂಗು ಮುಚ್ಚಿಕೊಂಡು ಹುಡುಕಿದ. ಅದು ಅಪ್ಪನದೇ ಮಳೆಗಾಲದ ಬೂಟಿನೊಳಗೆ ಇತ್ತು.

ಯುವರಾಜನಿಲ್ಲದ ಪಾರ್ಟಿ ಎಂಥ ಪಾರ್ಟಿ?

ಗುಡ್ ಫ್ರೈಡೇ ದಿನ ಚರ್ಚಿನಲ್ಲಿ ಎರಡೂ ಮನೆಯವರು ದೂರ ದೂರ ಕುಳಿತರು. ಅಪ್ಪ ಕಿಟಕಿಯ ಕಡೆಗೆ, ಕಾಕಾ ಬಾಗಿಲ ಕಡೆಗೆ. ಅಜ್ಜಿ ಚಂದವ್ವ ಹಗಲೆಲ್ಲ ಒಬ್ಬ ಮಗನ ಮನೆಯಲ್ಲಿ, ರಾತ್ರಿ ಇನ್ನೊಬ್ಬನ ಮನೆಯಲ್ಲಿ ಇರುವವಳು. ಅವಳು ಯಾವ ಕಡೆಗೂ ಹೋಗದೆ ಎಲ್ಲರಿಗಿಂತ ಮುಂದೆ ಒಬ್ಬಳೇ ಕುಳಿತಳು.

ಯುವರಾಜ ಎರಡು ಮೂರು ಸಲ ಹೊರಳಿ ನೋಡಿದ. ಪ್ರಿಯಾ ಫ್ಯಾನ್ ನೋಡುತ್ತ ಕುಳಿತಳು. ‘ಅವನಿಗೆ ಬೇಕಾದರೆ ಅವನೇ ಬಂದು ಮಾತಾಡಲಿ’ ಎಂದುಕೊಂಡಳು.

ಅವನು ಬರಲಿಲ್ಲ.

ಸಂಜೆ ಮಹೇಶ್ವರಿ, ಮುಮ್ತಾಜ ಇಬ್ಬರೂ ಬಂದರು. ಕಟ್ಟೆಯ ಮೇಲೆ ಕುಳಿತು ಒಬ್ಬರ ಮುಖ ಒಬ್ಬರು ನೋಡಿದರು.

“ನೀ ಹೇಳು,” ಎಂದಳು ಮಹೇಶ್ವರಿ.

“ನೀನೇ ಹೇಳು,” ಎಂದಳು ಮುಮ್ತಾಜ.

“ಏನಂತ ಹೇಳ್ರಿ!” ಎಂದಳು ಪ್ರಿಯಾ.

“ಯುವರಾಜನೂ ನಮ್ಮನ್ನ ಕರದಾನ,” ಎಂದಳು ಮುಮ್ತಾಜ. “ಈಸ್ಟರ್ ಪಾರ್ಟಿಗೆ. ಅದ ದಿನ, ಅದ ಟೈಮ್. ನಾವು ಯಾವ ಕಡೆ ಬರೂದು?”

ಪ್ರಿಯಾಳ ಕಿವಿ ಬಿಸಿಯಾದವು. “ಅವ ಪಾರ್ಟಿ ಮಾಡಾಕತ್ತಾನೇನು?”

“ನನ್ನ ಸಲುವಾಗಿ ಶೇಂಗಾ ಹೋಳಿಗಿ ಬ್ಯಾರೆ ಮಾಡಸ್ತಾನಂತ,” ಎಂದಳು ಮಹೇಶ್ವರಿ. ಅವರ ಮನೆಯಲ್ಲಿ ಮೊಟ್ಟೆ, ಮಾಂಸ ತಿನ್ನುವುದಿಲ್ಲ.

“ನಮ್ಮ ಮನ್ಯಾಗೂ ಮಾಡ್ತಾರ! ನಿನಗ ಅಂತ ಅವ್ವ ಬ್ಯಾರೆ ಭಾಂಡೆ ತಗದಿಟ್ಟಾಳ!”

“ಖರೆ. ಆದ್ರ ಎರಡೂ ಕಡೆ ಹೋಗಿ ಎಷ್ಟಂತ ಹೋಳಿಗಿ ತಿನ್ಲಿ?”

ಬೇರೆ ದಿನವಾಗಿದ್ದರೆ ಪ್ರಿಯಾ ನಕ್ಕುಬಿಡುತ್ತಿದ್ದಳು. ಇವತ್ತು ನಗು ಬರಲಿಲ್ಲ.

“ಅಲ್ಲಿಗೆ ಹೋಗೂದಿದ್ರ ಹೋಗ್ರಿ. ಆದ್ರ ಆಮ್ಯಾಲ ನನ್ನ ಕೂಡ ಮಾತಾಡಬ್ಯಾಡ್ರಿ.”

ಮುಮ್ತಾಜ ಎದ್ದು ನಿಂತಳು. “ಜಗಳ ನಿಮ್ಮದು. ನಮ್ಮನ್ನ ಯಾಕ ಎಳೀತಿ? ನಾವು ಎಲ್ಲಿಗೂ ಬರಂಗಿಲ್ಲ, ಹೋಗು!”

ಇಬ್ಬರೂ ಹೋಗಿಬಿಟ್ಟರು. ಮಹೇಶ್ವರಿ ಓಣಿಯ ತಿರುವಿನಲ್ಲಿ ಒಮ್ಮೆ ಹೊರಳಿ ನೋಡಿದಳು. ಅಷ್ಟೇ.

ಪ್ರಿಯಾ ಒಳಗೆ ಬಂದು ಯುವರಾಜನ ಕಾರ್ಡನ್ನು ತೆಗೆದು ತಾನೇ ಹರಿದಳು. ಮೊದಲು ಎರಡು ತುಂಡು. ಆಮೇಲೆ ಇನ್ನೂ ಸಣ್ಣ ಸಣ್ಣ ತುಂಡು. ಹರಿದ ಮೇಲಾದರೂ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ.

ಉಳ್ಳಾಗಡ್ಡಿ ಸಿಪ್ಪೆ ಕೂಡಿಡುತ್ತಿದ್ದ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. ಸಿಪ್ಪೆಯ ಮೊರವನ್ನು ದಬಕ್ಕನೆ ಬದಿಗಿಟ್ಟಳು.

“ಇಲ್ಲೊಂದು ಪಾರ್ಟಿ, ಅಲ್ಲೊಂದು ಪಾರ್ಟಿ! ನಾ ಯಾವ ಪಾರ್ಟಿಗೂ ಬರಂಗಿಲ್ಲ. ಈಸ್ಟರ್ ದಿನ ನಿಮ್ಮಜ್ಜನ ಸಮಾಧಿಗೆ ಮೇಣದಬತ್ತಿ ಹಚ್ಚಿ ಬಂದು, ಚಹಾದಾಗ ಬ್ರೆಡ್ ಅದ್ದಿ ತಿಂದು ಮಲಗ್ತೇನಿ. ನಿಮ್ಮ ಚಿಕನ್ನೂ ಬ್ಯಾಡ, ನಿಮ್ಮ ಕೇಕೂ ಬ್ಯಾಡ.”

ಒಳಗೆ ಅಪ್ಪ ನೋಡುತ್ತಿದ್ದ ಟಿವಿಯ ಧ್ವನಿ ಮಾತ್ರ ಸ್ವಲ್ಪ ಹೆಚ್ಚಾಯಿತು.

ಮರುದಿನ ಶನಿವಾರ. ಈಸ್ಟರ್‌ನ ನಸುಕಿನಲ್ಲಿ ಊರಿನ ಕ್ರಿಶ್ಚಿಯನ್ನರೆಲ್ಲ ಸಮಾಧಿಗಳ ಹತ್ತಿರ ಸೇರಿ ಪ್ರಾರ್ಥನೆ ಮಾಡುತ್ತಾರೆ. ಅದಕ್ಕೆ ಹಿಂದಿನ ದಿನವೇ ಕಸ ತೆಗೆದು, ಸುಣ್ಣ ಹಚ್ಚಿ ಬರುವುದು ರೂಢಿ. ಬಿಸಿಲು ಇಳಿದ ಮೇಲೆ ಅಪ್ಪ ಸುಣ್ಣದ ಬಕೆಟ್ಟು ಹಿಡಿದು ಹೊರಟ. ಪ್ರಿಯಾ ಎರಡು ಬ್ರಶ್ ಹಿಡಿದು ಹಿಂದೆ ನಡೆದಳು.

ಬೇವಿನ ಮರದ ಕೆಳಗೆ ಕಾಕಾನ ಟಂಟಂ ನಿಂತಿತ್ತು.

ಅಜ್ಜ ಗಾಳೆಪ್ಪನ ಸಮಾಧಿಯ ತಲೆಯ ಕಡೆ ಕಾಕಾ ಕುಳಿತು ಸುಣ್ಣ ಹಚ್ಚುತ್ತಿದ್ದ. ಶಿಲುಬೆ ಆಗಲೇ ಮುಗಿದಿತ್ತು. ಯುವರಾಜ ಹುಲ್ಲು ಕೀಳುತ್ತಿದ್ದ. ಕಾಕಾ ಸುಣ್ಣಕ್ಕೆ ನೀಲಿಪುಡಿ ಹೆಚ್ಚು ಸುರಿದಿದ್ದನೇನೋ, ಬಿಳಿ ಹೋಗಿ ಆಕಾಶದ ಬಣ್ಣ ಬಂದಿತ್ತು.

ಅಪ್ಪ ಒಂದು ಗಳಿಗೆ ನಿಂತ. ಆಮೇಲೆ ಕಾಲಿನ ಕಡೆ ಹೋಗಿ ಕುಳಿತು ತನ್ನ ಬಿಳಿ ಸುಣ್ಣ ಹಚ್ಚತೊಡಗಿದ. ಎರಡು ಬ್ರಶ್‌ಗಳ ಸರ್ ಸರ್ ಸದ್ದು ಮಾತ್ರ.

ನೀಲಿ ಆ ಕಡೆಯಿಂದ ಬಂತು. ಬಿಳಿ ಈ ಕಡೆಯಿಂದ ಬಂತು. ನಡುವೆ ಒಂದು ಗೇಣು ಬೂದು ಸಿಮೆಂಟು ಉಳಿಯಿತು. ಅಲ್ಲಿಗೆ ಬಂದು ಎರಡೂ ಬ್ರಶ್ ನಿಂತವು. ಇಬ್ಬರೂ ಆ ಜಾಗ ಮುಟ್ಟಲಿಲ್ಲ. ಕಾಕಾ ಮತ್ತೆ ಶಿಲುಬೆಗೆ ಹೋದ. ಅಪ್ಪ ಹಚ್ಚಿದಲ್ಲೇ ಮತ್ತೆ ಹಚ್ಚಿದ.

ಪಕ್ಕದ ಸಮಾಧಿಯ ಹತ್ತಿರ ಇದ್ದವರು ನೋಡಿ ಕಿಸಕ್ಕೆಂದರು.

ಪ್ರಿಯಾ ತಾನು ಸುಣ್ಣದಲ್ಲಿ ಅದ್ದಿದ್ದ ಬ್ರಶ್ ಎತ್ತಿ ನೆಲಕ್ಕೆ ಬಡಿದಳು. ಸುಣ್ಣ ಅವಳ ಫ್ರಾಕಿಗೂ ಸಿಡಿಯಿತು.

“ತಲಿ ಕಾಕಾಂದು! ಕಾಲು ಅಪ್ಪಂದು! ಹೊಟ್ಟಿ ಯಾರದು? ಅಜ್ಜನ ಹೊಟ್ಟಿ ಯಾರಿಗೂ ಬ್ಯಾಡೇನು?”

ಅವಳ ಧ್ವನಿ ಅಷ್ಟು ಜೋರಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಬೇವಿನ ಮರದಿಂದ ಕಾಗೆಗಳು ಎದ್ದವು. ಕಿಸಕ್ಕೆಂದವರು ಮುಖ ತಿರುಗಿಸಿದರು.

“ನನ್ನ ಮ್ಯಾಲ ಯಾಕ ಸಿಟ್ಟು ಮಾಡ್ತೀಯವ್ವಾ?” ಎಂದ ಕಾಕಾ ಮೆಲ್ಲಗೆ. “ನಿಮ್ಮಪ್ಪಗ ಕೇಳು, ಓಟು ಯಾರಿಗೆ ಹಾಕಿದಿ ಅಂತ.”

“ಅವಗ ಬಾಯಿಲ್ಲೇನು? ಅವನೇ ಕೇಳ್ಲಿ,” ಎಂದ ಅಪ್ಪ, ಬಕೆಟ್ಟಿನೊಳಗೆ ನೋಡುತ್ತ.

“ನಿನಗ ಹಾಕ್ಯಾನ ಕಾಕಾ!” ಪ್ರಿಯಾ ಕೂಗಿದಳು. “ನಿನಗ! ಅವ್ವನ ಮುಂದ ಹೇಳೂದನ್ನ ನಾ ಕೇಳೇನಿ. ನಿನಗ ಬಿಟ್ಟು ಮತ್ತ್ಯಾರಿಗೆ ಹಾಕ್ಲಿ ಅಂದ!”

ಕಾಕಾನ ಬ್ರಶ್‌ನಿಂದ ಸುಣ್ಣ ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಅವನು ನೋಡಲಿಲ್ಲ.

“ಖರೆ?” ಎಂದ. ಈ ಸಲ ಅಪ್ಪನ ಕಡೆ ನೋಡಿ.

ಅಪ್ಪ ಕಣ್ಣು ಮಾತ್ರ ಮೇಲೆತ್ತಿದ.

“ಮತ್ತ ಹೇಳಲಿಲ್ಲಲ್ಲ ನೀ?”

“ನೀ ಕೇಳಲಿಲ್ಲಲ್ಲ?”

ಇಬ್ಬರೂ ಮತ್ತೆ ತಮ್ಮ ತಮ್ಮ ಬಕೆಟ್ಟಿಗೆ ಬ್ರಶ್ ಅದ್ದಿದರು. ಇನ್ನೂ ಏನನ್ನು ಕಾಯುತ್ತಿದ್ದಾರೆ ಇವರು? ಪ್ರಿಯಾ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯುವರಾಜನ ಧ್ವನಿ ಕೇಳಿತು. ಅವನ ಮುಷ್ಟಿಯಲ್ಲಿ ಕಿತ್ತ ಹುಲ್ಲು ಹಾಗೇ ಇತ್ತು.

“ನೀನೂ ನನ್ನ ಕರೀಲಿಲ್ಲಲ್ಲ?”

ಪ್ರಿಯಾ ಗರ್ರನೆ ತಿರುಗಿದಳು. “ನೀ ಕರದಿಯೇನು? ಮಹೇಶ್ವರಿನ್ನ ಕರದಿ, ಮುಮ್ತಾಜನ್ನ ಕರದಿ. ನನ್ನ ಬಿಟ್ಟು ಎಲ್ಲಾರ್ನೂ ಕರದಿ!”

“ನೀ ಬಂದು ಕರೀತಿ ಅಂತ ದಾರಿ ನೋಡಿದೆ. ಚರ್ಚಿನ್ಯಾಗ ನೋಡಿದ್ರ ನೀ ಫ್ಯಾನ್ ನೋಡ್ಕೊಂತ ಕುಂತಿದ್ದಿ.”

“ನಾ ಯಾಕ ಮೊದಲ…”

ಪ್ರಿಯಾ ಅಷ್ಟಕ್ಕೇ ನಿಂತಳು.

ಆ ಮಾತು ಅವಳ ಬಾಯಿಂದಲೇ ಬಂದಿತ್ತು. ಆದರೆ ಕೇಳಲು ಥೇಟ್ ಅಪ್ಪನ ಮಾತಿನಂತೆಯೇ ಇತ್ತು. ಅಡುಗೆಮನೆಯಲ್ಲಿ ನಿಂತು, ತಲೆ ಒಂದು ಕಡೆ ವಾಲಿಸಿ ಅಪ್ಪ ಹೇಳಿದ್ದನಲ್ಲ, ಹಾಗೆಯೇ. ಪ್ರಿಯಾ ತನ್ನ ತಲೆಯನ್ನೂ ನೆಟ್ಟಗೆ ಮಾಡಿಕೊಂಡಳು.

ಯುವರಾಜ ಹುಲ್ಲನ್ನು ನೆಲಕ್ಕೆ ಹಾಕಿ ಚಪ್ಪಲಿಯಿಂದ ತಳ್ಳುತ್ತಿದ್ದ. ಅವನ ಕಣ್ಣು ಕೆಂಪಾಗಿದ್ದವು.

“ನಾಳೆ ಬಾ,” ಎಂದಳು ಪ್ರಿಯಾ. ಅದನ್ನೂ ಬೈಯುವವರ ಹಾಗೆ ಹೇಳಿದಳು. “ಕಾರ್ಡು ಇಲ್ಲ. ಹರದೇನಿ. ಹಂಗ ಬಾ.”

“ಅಪ್ಪ ಬಿಡಬೇಕಲ್ಲ?”

ಪ್ರಿಯಾ ಸೀದಾ ಕಾಕಾನ ಮುಂದೆ ಹೋಗಿ ನಿಂತಳು. “ಕಾಕಾ, ನಾಳೆ ಮಧ್ಯಾಹ್ನ ನಮ್ಮ ಮಾಳಿಗಿ ಮ್ಯಾಲ ಪಾರ್ಟಿ ಐತಿ. ನೀ, ಚಿಗವ್ವ, ಯುವರಾಜ ಎಲ್ಲಾರೂ ಬರ್ರಿ.”

ಕಾಕಾ ಬ್ರಶ್ ಒದರುತ್ತ, “ನಿಮ್ಮಪ್ಪ ಕರದ್ರ ನೋಡೂಣು,” ಎಂದ.

ಇಳಿಯುತ್ತಿದ್ದ ಸಿಟ್ಟು ಮತ್ತೆ ನೆತ್ತಿಗೆ ಏರಿತು.

“ಪಾರ್ಟಿ ನಂದು! ಅಪ್ಪಂದಲ್ಲ. ನಾ ಕರ್ಯಾಕತ್ತೇನಿ. ಅಪ್ಪನ ಮನಿಗೆ ಬರಬ್ಯಾಡ, ನನ್ನ ಪಾರ್ಟಿಗೆ ಬಾ!”

ಕಾಕಾ ಅವಳನ್ನೇ ನೋಡಿದ. ಅಪ್ಪ ಕೆಮ್ಮಿದ. ಯಾರಾದರೂ ಬೈಯುತ್ತಾರೆ ಎಂದುಕೊಂಡು ಪ್ರಿಯಾ ಕಾದಳು. ಯಾರೂ ಬೈಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಎದ್ದು, ಸಮಾಧಿಯನ್ನು ಸುತ್ತಿ, ತಲೆಯ ಕಡೆ ಬಂದ. ಕಾಕಾನ ಬಕೆಟ್ಟಿನೊಳಗೆ ಬಗ್ಗಿ ನೋಡಿದ.

“ನೀಲಿ ಎಷ್ಟು ಹಾಕಿದಿ?”

“ಒಂದು ಪುಡಕಿ ಪೂರಾ,” ಎಂದ ಕಾಕಾ. “ಭಾಳ ಆತೇನು?”

“ಭಾಳಂದ್ರ ಭಾಳ. ನಮ್ಮಪ್ಪ ನೋಡಿದ್ರ ಎದ್ದು ಕುಂದರತಾನ.”

ಕಾಕಾನ ಮೀಸೆಯ ಕೆಳಗೆ ಏನೋ ಅಲುಗಿತು. ನಗು ಹೌದೋ ಅಲ್ಲವೋ ಹೇಳಲು ಬರುತ್ತಿರಲಿಲ್ಲ. ಅಪ್ಪ ತನ್ನ ಬಿಳಿ ಸುಣ್ಣವನ್ನೆಲ್ಲ ಅವನ ಬಕೆಟ್ಟಿಗೆ ಸುರಿದ. ಕಾಕಾ ಒಂದು ಕಡ್ಡಿ ತೆಗೆದುಕೊಂಡು ತಿರುವಿದ. ಆಮೇಲೆ ನಾಲ್ವರೂ ಕೂಡಿ ತಲೆಯಿಂದ ಕಾಲಿನವರೆಗೂ ಮೊದಲಿನಿಂದ ಹಚ್ಚಿದರು.

ಮನೆಗೆ ಟಂಟಂನಲ್ಲೇ ಬಂದರು. ಅಪ್ಪ ಕಾಕಾನ ಪಕ್ಕ ಕುಳಿತು ರಸ್ತೆ ನೋಡುತ್ತಿದ್ದ. ಪ್ರಿಯಾ ಮುಮ್ತಾಜಳ ಓಣಿಯಲ್ಲಿ ಗಾಡಿ ನಿಲ್ಲಿಸಲು ಹೇಳಿ ಇಳಿದಳು. ಯುವರಾಜನೂ ಇಳಿದ. ಬಾಗಿಲಿಗೆ ಬಂದ ಮುಮ್ತಾಜ ಇಬ್ಬರನ್ನೂ ನೋಡಿ ಸೊಂಟದ ಮೇಲೆ ಕೈ ಇಟ್ಟಳು.

“ನಿನ್ನೆ ನಾ ಅಂದದ್ದು ತಪ್ಪಾತು,” ಎಂದಳು ಪ್ರಿಯಾ. “ಒಂದ ಪಾರ್ಟಿ ಐತಿ. ನಮ್ಮ ಮನ್ಯಾಗ.”

“ಮಹೇಶ್ವರಿಗೂ ನೀನ ಹೋಗಿ ಹೇಳು,” ಎಂದಳು ಮುಮ್ತಾಜ. “ನಾ ಹೇಳಂಗಿಲ್ಲ.”

ಪ್ರಿಯಾ ಹೋಗಿ ಹೇಳಿದಳು.

ಈಸ್ಟರ್ ಮಧ್ಯಾಹ್ನ ಮಾಳಿಗೆಯ ಮೇಲೆ ಸೀರೆಗಳು ಪಟಪಟ ಹೊಡೆದುಕೊಂಡವು. ಬಿಸಿಗಾಳಿಗೆ ಒಂದು ಹಾರಿ ಪಕ್ಕದ ಮನೆಗೇ ಹೋಯಿತು. ಕಾಕಾ ತನ್ನ ಮನೆಯಲ್ಲಿ ಮಾಡಿದ ಕೋಳಿ ಸಾರಿನ ಭಾಂಡೆಯನ್ನೂ ಟಂಟಂನಲ್ಲಿ ಹಾಕಿಕೊಂಡು ಬಂದ. ಮಹೇಶ್ವರಿಯ ಮುಂದೆ ಎರಡು ಮನೆಯ ಶೇಂಗಾ ಹೋಳಿಗೆ ಬಿದ್ದವು. ಯಾರದು ಚಲೋ ಎಂದು ಯುವರಾಜ ಕೇಳಿದ್ದಕ್ಕೆ ಅವಳು ಬಾಯಿ ತುಂಬಿದೆ ಎಂದು ಕೈ ಮಾಡಿ ತೋರಿಸಿದಳು. ಏನೂ ಬೇಡವೆಂದಿದ್ದ ಅಜ್ಜಿ ಕುರ್ಚಿಯಲ್ಲಿ ಕುಳಿತು ಎರಡನೆಯ ಸಲ ಕೇಕ್ ತರಿಸಿಕೊಂಡಳು.

ಪ್ರಿಯಾ ಮಾತ್ರ ಮೊಟ್ಟೆ ಹುಡುಕುವ ಆಟದ ನಡುನಡುವೆ ಅಪ್ಪನನ್ನೂ ಕಾಕಾನನ್ನೂ ನೋಡುತ್ತಿದ್ದಳು. ಇಬ್ಬರೂ ಗೋಡೆಯ ನೆರಳಿನಲ್ಲಿ ಊಟಕ್ಕೆ ಕುಳಿತಿದ್ದರು. ಈಗ ಇಲೆಕ್ಷನ್ ಮಾತು ತೆಗೆಯುತ್ತಾರೆ, ಈಗ ಒಬ್ಬರಾದರೂ ಸಾರಿ ಅನ್ನುತ್ತಾರೆ ಎಂದು ಅವಳು ಕಾದಳು. ಅವರು ಟಂಟಂನ ಟೈರಿನ ಬಗ್ಗೆ ಮಾತಾಡಿದರು. ಈ ಸಲದ ಬಿಸಿಲಿನ ಬಗ್ಗೆ ಮಾತಾಡಿದರು. ಹೋಗಿ ಕೇಳಿಯೇಬಿಡೋಣ ಎಂದು ಪ್ರಿಯಾ ಅವರ ಹತ್ತಿರ ನಡೆದಳು.

ಅಪ್ಪ ಸೌಟು ಹಿಡಿದು ಭಾಂಡೆಯ ತಳದಲ್ಲಿ ಏನನ್ನೋ ಹುಡುಕುತ್ತಿದ್ದ. ಹುಡುಕಿ ಹುಡುಕಿ ಕೊನೆಗೆ ಕೋಳಿಯ ಕಾಲಿನ ತುಂಡು ಎತ್ತಿ, ಕೇಳದೆಯೇ ಕಾಕಾನ ತಟ್ಟೆಗೆ ಹಾಕಿದ.

“ಸಾಕು,” ಎಂದ ಕಾಕಾ. ತಟ್ಟೆಯನ್ನು ಮಾತ್ರ ಹಿಂದೆ ಎಳೆದುಕೊಳ್ಳಲಿಲ್ಲ. ಅಪ್ಪ ಇನ್ನೊಂದು ಹಾಕಿದ.

ಪ್ರಿಯಾಳ ಬಾಯಿತನಕ ಬಂದಿದ್ದ ಪ್ರಶ್ನೆ ಅಲ್ಲೇ ಉಳಿಯಿತು. ಅವಳು ನೀರಿನ ತಂಬಿಗೆ ತಂದು ಇಬ್ಬರ ನಡುವೆ ಇಟ್ಟು, ಸದ್ದಿಲ್ಲದೆ ಹಿಂದಿರುಗಿದಳು.